ಇನ್ನೊಂದ್ಸಲ, ಅಮ್ಮಾ

ಪ್ರೀತಿಯ ಹೈಪೋ,

ಮಾನಸಗಂಗೋತ್ರಿ ಹುಡುಗರಿಗೆ ಸುದ್ದಿಚಿತ್ರದ, ಅಂದರೆ ಪೇಪರಿನ ಫೋಟೋಗಳ, ಬಗ್ಗೆ ಮಾತಾಡಬೇಕು, ನಾಲ್ಕು ಪಾಯಿಂಟ್ ಬರೆದುಕೊಡು ಅಂತ ನೀನು ಅಂದಿದ್ದೆ. ನಿನಗೊಬ್ಬನಿಗೇ ಕಳಿಸಿದರೆ ನೀನು ಓದಲ್ಲ. ಊರಿಗೆಲ್ಲ ಕಾಣೋ ಹಾಗೆ ಹಾಕಿದರೆ ಮರ್ಯಾದೆಗಾದರೂ ಓದ್ತೀಯ. ಅದಕ್ಕೇ ಇಲ್ಲಿ.

ದಸರಾದ್ದು ಮೊದಲು, ಅದು ಸುಲಭ. ಅರಮನೆಯ ಮುಖ ಪೂರ್ವಕ್ಕೆ, ಜಂಬೂ ಸವಾರಿ ಹೊರಡೋದು ಮಧ್ಯಾಹ್ನದ ಮೇಲೆ. ಹಿನ್ನೆಲೆಗೆ ಅರಮನೆ ಬೇಕು ಅಂತ ನಿಂತವನ ಕಣ್ಣಿಗೇ ಸೂರ್ಯ. ಕ್ಯಾಮೆರಾದ ಬೆಳಕಳೆಯೋ ಮೀಟರ್ ಆಕಾಶ ಅಳೆದರೆ ಆನೆ ಕಪ್ಪು ಮುದ್ದೆ. ಆನೆ ಅಳೆದರೆ ಅದನ್ನ ಬೂದು ಮಾಡೋಕೆ ಹೋಗಿ ಆಕಾಶವನ್ನ ಬಿಳಿ ಹಾಳೆ ಮಾಡುತ್ತೆ. ಒಂದೇ ಜಾಗದ ಬೆಳಕು ಅಳೆಯೋ ಸ್ಪಾಟ್ ಮೀಟರಿನಿಂದ ಆನೆಯ ಮೈಯನ್ನಷ್ಟೇ ಅಳೆದು ಒಂದು ಸ್ಟಾಪ್, ಅಂದರೆ ಬೆಳಕನ್ನ ಅರ್ಧಕ್ಕೆ, ಇಳಿಸಲಿ, ಫ್ರೇಮಿನಿಂದ ಆಕಾಶವನ್ನ ಆದಷ್ಟು ಆಚೆ ತಳ್ಳಲಿ. ಪುಷ್ಪಾರ್ಚನೆಯ ಎಸಳು ಎಸಳಾಗೇ ಕಾಣಬೇಕಾದರೆ ಷಟರ್ 1/500 ಸೆಕೆಂಡ್. 1/60ಕ್ಕೆ ಇಳಿಸಿದರೆ ಬರೀ ಗೀರು. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಚುಕ್ಕಿ ಹಿಗ್ಗುತ್ತೆ, ನೆರಳೆಲ್ಲ ಮುಚ್ಚಿಹೋಗುತ್ತೆ. ಪರದೆ ಮೇಲೆ ಕೊಂಚ ತೆಳುವಾಗಿ ಕಂಡರೇನೇ ಪೇಪರಲ್ಲಿ ಸರಿ. ನೀನು ಪ್ರತಿ ವರ್ಷ ಮರೆಯೋ ಪಾಠ ಇದು.

1880ರ ಮಾರ್ಚ್ 4, ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪೇಪರ್, ಹಾಫ್‌ಟೋನ್, ಅಂದರೆ ಫೋಟೋವನ್ನ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕೋ ವಿಧಾನ. ಇದನ್ನ ಪುಸ್ತಕದಲ್ಲೇ ಓದಿಕೊಳ್ಳಲಿ.

ಅದಕ್ಕೂ ಹಿಂದಿನದನ್ನ ಬಿಡಿಸಿ ಹೇಳು. ಗಾಜಿನ ಮೇಲೆ ಕೊಲೋಡಿಯನ್ ಅನ್ನೋ ಅಂಟು ದ್ರವ ಸುರಿದು, ಸಿಲ್ವರ್ ನೈಟ್ರೇಟಿನಲ್ಲಿ ಮೂರ್ನಾಲ್ಕು ನಿಮಿಷ ಅದ್ದಿ, ಒದ್ದೆ ಆರೋದರೊಳಗೆ ಫೋಟೋ ತೆಗೆದು ಡಾರ್ಕ್ ಟೆಂಟಿಗೆ ಓಡಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಹತ್ತು ನಿಮಿಷವೂ ದಕ್ಕಲ್ಲ, ಒಣಗಿದ ಕಡೆ ಚಿತ್ರ ಮೂಡಿಸೋ ಡೆವಲಪರ್ ಹಿಡಿಯೋದೇ ಇಲ್ಲ. ಎಕ್ಸ್‌ಪೋಷರ್ ಸೆಕೆಂಡುಗಟ್ಟಲೆ. ಓಡೋ ಕುದುರೆ ಸಿಗಲ್ಲ, ಸಿಗೋದು ಹೆಣ, ಇಲ್ಲ ಅಲುಗಾಡದೆ ನಿಲ್ಲಿಸಿದ ಮನುಷ್ಯ.

1855ರಲ್ಲಿ ಬ್ರಿಟಿಷ್ ಫೋಟೋಗ್ರಾಫರ್ ರೋಜರ್ ಫೆಂಟನ್ ಯುದ್ಧ ನಡೀತಿದ್ದ ಕ್ರಿಮಿಯಾದ ಒಂದೇ ಕಣಿವೆಯ ಎರಡು ಗಾಜಿನ ಪ್ಲೇಟ್ ತೆಗೆದ. ಒಂದರಲ್ಲಿ ಫಿರಂಗಿ ಗುಂಡುಗಳೆಲ್ಲ ರಸ್ತೆ ಪಕ್ಕ, ಇನ್ನೊಂದರಲ್ಲಿ ರಸ್ತೆ ಮೇಲೂ ಹರಡಿವೆ. ಮೊದಲು ಯಾವುದು? ಪತ್ತೆ ಹಚ್ಚಿದ್ದು ಇಳಿಜಾರಿನ ಸಣ್ಣ ಕಲ್ಲುಗಳಿಂದ. ರಸ್ತೆ ಮೇಲೆ ಗುಂಡಿರೋ ಪ್ಲೇಟಿನಲ್ಲಿ ಅವು ಕೊಂಚ ಕೆಳಗೆ ಜರುಗಿವೆ, ಆದ್ದರಿಂದ ಅದು ಆಮೇಲಿನದು. 1858ರಲ್ಲಿ ಫೋಟೋಗ್ರಾಫರ್ ಫೆಲಿಸ್ ಬಿಯಾಟೊ ಲಕ್ನೋದ ಸಿಕಂದರ್ ಬಾಗ್ ತಲುಪೋ ಹೊತ್ತಿಗೆ, 1857ರ ದಂಗೆಯಲ್ಲಿ ಅಲ್ಲಾದ ಹತ್ಯೆ ಮುಗಿದು ತಿಂಗಳುಗಳಾಗಿದ್ದವು. ಅಂಗಳದ ಮೂಳೆಗಳನ್ನ ಚಿತ್ರಕ್ಕೋಸ್ಕರವೇ ಹೊರಗೆಳೆಸಿದ್ದು ಅಂತ ಆ ಕಾಲದವರೇ ಬರೆದಿಟ್ಟಿದ್ದಾರೆ.

ನನಗೆ ನುಂಗೋಕಾಗದವನು ಹೂಪರ್, ಫೋಟೋ ತೆಗೀತಿದ್ದ ಬ್ರಿಟಿಷ್ ಸೇನಾಧಿಕಾರಿ. 1876ರಿಂದ 78ರ ಬರ ನಮ್ಮ ಮೈಸೂರು ಸೀಮೆಯನ್ನೂ ತಿಂದ ಬರ. ಮದರಾಸು ಕಡೆಯ ಹಸಿದವರನ್ನ ಸಾಲಾಗಿ ಕೂರಿಸಿ ತೆಗೆದ, ಪಕ್ಕೆಲುಬು ಎಣಿಸಬಹುದಾದ ಆ ಚಿತ್ರಗಳು ಅವನವು. ಹತ್ತು ವರ್ಷದೊಳಗೆ, 1886ರಲ್ಲಿ, ಅದೇ ಹೂಪರ್ ಬರ್ಮಾದ ಮಂಡಾಲೆಯಲ್ಲಿ. ಕೈದಿಗಳನ್ನ ನಿಲ್ಲಿಸಿ, ಬಂದೂಕು ಗುರಿಯಿಟ್ಟ ಮೇಲೂ, ಪ್ಲೇಟ್ ಸರಿಯಾಗಿ ಸಿಗಲಿ ಅಂತ ‘ಹಾರಿಸಿ’ ಅನ್ನೋದನ್ನ ತಡೆದ ಅನ್ನೋ ಆರೋಪ ಬಂತು. ವಿಚಾರಣೆಯೂ ಆಯ್ತು.

1925ರಲ್ಲಿ ಲೈಕಾ ಅನ್ನೋ ಪುಟ್ಟ ಕ್ಯಾಮೆರಾ ಬಂತು, ಅಂಗೈಯಲ್ಲಿ ಮೂವತ್ತಾರು ಫ್ರೇಮ್. ‘ಸ್ವಲ್ಪ ತಡಿ’ ಅನ್ನೋಕೆ ನೆಪವೇ ಉಳಿಯಲಿಲ್ಲ. ನಮ್ಮೂರಿನವರೇ ಆದ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನ ಹುಡುಗರಿಗೆ ತೋರಿಸು. ಯಾರಿಗೂ ‘ಇಲ್ಲಿ ನೋಡು’ ಅಂದ ಹಾಗಿಲ್ಲ. 1979ರಲ್ಲಿ ವಿಶ್ವಸಂಸ್ಥೆಯ ಗೋಡೆಗೆ ಹೋದದ್ದು ಅವೇ ಮಕ್ಕಳು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಈ ಪಾಯಿಂಟ್ ಬರೆಯೋವಾಗ ಹಳೇ ಹಾರ್ಡ್ ಡಿಸ್ಕ್ ತೆಗೆದೆ. ಕಾವೇರಿ ಗಲಾಟೆ, ಮಂಡ್ಯ, ಸಂಜಯ ವೃತ್ತ. ಅಲ್ಲಿ ಟೈರು ಹೊತ್ತೋದು ನಾವು ಬಂದ ಮೇಲೇ ಅನ್ನೋದು ನಿನಗೂ ಗೊತ್ತು, ಅದಕ್ಕೆ ನಾವು ನಗ್ತೀವಿ. ಇದು ಬೇರೆ. ಒಂದು ಫ್ರೇಮಿನಲ್ಲಿ ಒಬ್ಬ ಹೆಂಗಸಿನ ಸೊಂಟದಲ್ಲಿ ಖಾಲಿ ಕೊಡ. ಮುಂದಿನದರಲ್ಲಿ ಅದೇ ಕೊಡ ತಲೆ ಮೇಲೆ, ಬಾಯಿ ತೆರೆದು ಕೂಗ್ತಿದಾಳೆ. ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡೋ ಎಕ್ಸಿಫ್ ದಾಖಲೆ ಪ್ರಕಾರ ನಡುವೆ ನಲವತ್ತು ಸೆಕೆಂಡ್. ಅಚ್ಚಾದದ್ದು ಎರಡನೇದು. ಮೂರನೇ ಫ್ರೇಮೂ ಇದೆ, ಯಾರಿಗೂ ಕಳಿಸದೇ ಇದ್ದದ್ದು: ಕೊಡ ಇಳಿಸಿ, ನೇರ ಲೆನ್ಸಿನೊಳಗೆ ನೋಡ್ತಾ, ‘ಸಾಕೇನಪ್ಪಾ?’ ಅಂತಿರೋದು.

ಫೆಂಟನ್ನನ ಗುಟ್ಟು ಬಿಚ್ಚೋಕೆ ಕಲ್ಲು ಬೇಕಾಯ್ತು. ನನ್ನದನ್ನ ನನ್ನ ಕ್ಯಾಮೆರಾನೇ ಸೆಕೆಂಡು ಸಮೇತ ಬರೆದಿಟ್ಟಿದೆ. ಅವಳಿಗೆ ನೀರು ಬೇಕಿದ್ದದ್ದು ನಿಜ, ಕೊಡ ಖಾಲಿ ಇದ್ದದ್ದೂ ನಿಜ ಅಂತ ವಾದ ಮಾಡ್ತಾ ಎರಡು ರಾತ್ರಿ ಕಳೆದೆ. ಹೂಪರನ ಎದುರು ಕೂತಿದ್ದವರ ಹಸಿವೂ ನಿಜವೇ ಆಗಿತ್ತಲ್ಲ.

ಸರಿ, ಬಿಡು. ಈ ಪ್ಯಾರಾ ಹುಡುಗರಿಗೆ ಓದಬೇಡ, ದಸರಾದ್ದು ಮಾತ್ರ ಓದು. ಮದ್ದೂರು ವಡೆ ಲೆಕ್ಕ ನಿನ್ನ ಕಡೆಯೇ ಬಾಕಿ. ಮತ್ತೆ ನನ್ನ ಪ್ರೊಫೈಲ್ ಫೋಟೋ ನೋಡಿ ‘ಎಷ್ಟು ಸಹಜವಾಗಿದೆ’ ಅಂತ ಕಾಮೆಂಟ್ ಹಾಕೋರಿಗೆ, ‘ಹೊಟ್ಟೆ ಒಳಗೆಳ್ಕೋ, ಇನ್ನೊಂದ್ಸಲ’ ಅಂತ ನೀನು ಹನ್ನೊಂದು ಸಲ ಅಂದದ್ದನ್ನ ದಯವಿಟ್ಟು ಹೇಳಬೇಡ.

ನಿನ್ನ,
ಅಂಡರ್ ಎಕ್ಸ್‌ಪೋಸ್ಡ್