ಹಗ್ಗ ಎಳೆಯುವ ಮುನ್ನ ನೋಡಬೇಕಾದದ್ದು

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಬಂತೆಂದರೆ ಕರಾವಳಿಯ ಪುಟಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ: ಎಂಜಿನ್ ಕೆಟ್ಟು ಸಮುದ್ರದಲ್ಲಿ ಸಿಲುಕಿದ್ದ ನಾಡದೋಣಿಯನ್ನು ಎಳೆದು ತರಲಾಯಿತು. ದೋಣಿಯವರು ಬದುಕಿ ಬಂದದ್ದನ್ನು ಓದಿ ಸಮಾಧಾನಪಡುತ್ತೇವೆ. ಆದರೆ ಎಂಜಿನ್ನಿಗೆ ಏನಾಗಿತ್ತು, ಅದು ನಿಜವಾಗಿ ಕೆಟ್ಟಿತ್ತೇ ಎಂಬುದು ಮಾತ್ರ ಯಾವ ಸುದ್ದಿಯಲ್ಲೂ ಇರುವುದಿಲ್ಲ. ಗಂಗೊಳ್ಳಿ ಅಳಿವೆಯಿಂದ ಬಹುಕಾಲ ದೋಣಿ ಇಳಿಸಿದವನಾಗಿ ನಾನು ಹೇಳುವುದಿಷ್ಟೆ: ಸ್ಟಾರ್ಟ್ ಆಗದ ಎಂಜಿನ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಅವುಗಳಿಗೆ ಸರಿಯಾದ ಇಂಧನ ತಲುಪಿರುವುದಿಲ್ಲ, ಅಷ್ಟೆ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಇರುವುದರಿಂದ, ಸಮುದ್ರ ಅತಿ ಒರಟಾಗಿರುವ ಈ ಕಾಲದಲ್ಲಿಯೇ 10 ಅಶ್ವಶಕ್ತಿವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳು ಕಡಲಿಗಿಳಿಯುತ್ತವೆ. ಅಳಿವೆಯ ಬಾಯಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಆ ಕ್ಷಣದಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ, ಎಂಜಿನ್ ಸ್ಟಾರ್ಟ್ ಮಾಡುವ ಹಗ್ಗ ಎಳೆಯುವುದು. ನಾನೂ ಹಾಗೆಯೇ ಮಾಡಿದವನು. ಒಮ್ಮೆ ಅಂಗೈ ಸುಲಿಯುವವರೆಗೆ ಎಳೆದು, ಜತೆಗಿದ್ದವನ ಕೈಗೆ ಕೊಟ್ಟು, ಅವನೂ ಸೋತ ಮೇಲೆ ನೋಡಿದರೆ ಎಂಜಿನ್ ನಿಲ್ಲಿಸುವ ಕೆಂಪು ಸುರುಳಿ ದಾರದ ಕ್ಲಿಪ್ ಕಳಚಿ ದೋಣಿಯ ತಳದಲ್ಲಿ ಬಿದ್ದಿತ್ತು. ಆ ಕ್ಲಿಪ್ ಇಲ್ಲದಿದ್ದರೆ ಇಂಧನ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯೇ ಹುಟ್ಟದು. ನೂರು ಸಲ ಎಳೆದರೂ ವ್ಯರ್ಥ. ಅಂದಿನಿಂದ ನನ್ನ ದೋಣಿಯಲ್ಲಿ ಎಂಜಿನ್ ನಿಂತ ಕೂಡಲೇ ಮೊದಲ ಕೆಲಸ ಲಂಗರು ಹಾಕುವುದು, ಎರಡನೆಯದು ಕ್ಲಿಪ್ ಜಾಗದಲ್ಲಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುವುದು. ಹಗ್ಗ ಅದರ ನಂತರ.

ಮುಂದಿನದು ಟ್ಯಾಂಕ್. ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಬಿಗಿದೇ ಬಿಟ್ಟಿದ್ದರೆ ಎಂಜಿನ್ ಸ್ವಲ್ಪ ದೂರ ಓಡಿ, ಹಸಿದವನಂತೆ ಏದುಸಿರು ಬಿಟ್ಟು ನಿಲ್ಲುತ್ತದೆ. ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಹಿಸುಕಿದರೆ ಇದು ತಿಳಿಯುತ್ತದೆ. ಉಂಡೆ ಚಪ್ಪಟೆಯಾಗಿ ಹಾಗೆಯೇ ಉಳಿದರೆ ಟ್ಯಾಂಕಿಗೆ ಗಾಳಿ ಹೋಗುತ್ತಿಲ್ಲ. ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಟ್ಯಾಂಕ್ ಖಾಲಿಯಾಗಿದೆ ಅಥವಾ ಕೊಳವೆಯ ಜೋಡಣೆ ಎಲ್ಲೋ ಗಾಳಿ ಎಳೆಯುತ್ತಿದೆ.

ಆದರೆ ನಮ್ಮ ಕರಾವಳಿಯಲ್ಲಿ ಎಂಜಿನ್ ಮುನಿಯಲು ದೊಡ್ಡ ಕಾರಣ ಬೇರೆಯೇ ಇದೆ. ಅದು ಹಿಂದಿನ ದಿನವೇ ದಡದಲ್ಲಿ ಆಗಿ ಹೋದ ತಪ್ಪು. ನಾಡದೋಣಿಗೆ ಕಟ್ಟುವ ಸೀಮೆಎಣ್ಣೆಯ ಎಂಜಿನ್ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲಿ. ತಣ್ಣಗಿರುವ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗದ ಕಾರಣ, ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿ ಬಿಸಿಯಾದ ಮೇಲಷ್ಟೇ ಕಾಕ್ (ಇಂಧನ ಬದಲಿಸುವ ತಿರುಗಣೆ) ತಿರುಗಿಸಿ ಸೀಮೆಎಣ್ಣೆಗೆ ಬದಲಿಸುತ್ತೇವೆ. ಇದು ಎಲ್ಲರಿಗೂ ಗೊತ್ತು. ವಾಪಸು ಬರುವಾಗ, ದಡ ಮುಟ್ಟುವ ಮೊದಲೇ, ಮತ್ತೆ ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಬೇಕೆಂಬುದೂ ಗೊತ್ತಿದೆ, ಆದರೆ ಮೀನು ಇಳಿಸುವ ಅವಸರದಲ್ಲಿ ಮರೆಯುತ್ತದೆ. ಪೆಟ್ರೋಲ್ ಉಳಿಸುವ ಆಸೆಯಿಂದ ಬೇಕೆಂದೇ ಮರೆಯುವವರೂ ಇದ್ದಾರೆ. ಆಗ ಕಾರ್ಬ್ಯುರೇಟರಿನ ತೊಟ್ಟಿಯಲ್ಲಿ ಸೀಮೆಎಣ್ಣೆಯೇ ನಿಂತಿರುತ್ತದೆ. ಮರುದಿನ ನಸುಕಿನಲ್ಲಿ ಕಾಕ್ ಪೆಟ್ರೋಲಿನ ಕಡೆಗಿದ್ದರೂ ಎಂಜಿನ್ ಮೊದಲು ಕುಡಿಯುವುದು ಆ ತಣ್ಣನೆಯ ಸೀಮೆಎಣ್ಣೆಯನ್ನು. ಚೋಕ್ ಎಳೆದಷ್ಟೂ ಅದು ಪ್ಲಗ್ಗನ್ನು ತೋಯಿಸುತ್ತದೆ, ತೊಯ್ದ ಪ್ಲಗ್ ಕಿಡಿ ಕೊಡುವುದಿಲ್ಲ.

ಹೀಗಾದಾಗ ಪರಿಹಾರ ಕಷ್ಟದ್ದೇನಲ್ಲ. ಕಾರ್ಬ್ಯುರೇಟರಿನ ಅಡಿಯ ತಿರುಪು ಸಡಿಲಿಸಿ ಹಳೆಯದನ್ನು ಡಬ್ಬಿಗೆ ಬಸಿದು, ಪ್ಲಗ್ ಬಿಚ್ಚಿ, ಕ್ಲಿಪ್ ತೆಗೆದಿಟ್ಟುಕೊಂಡೇ ಚೋಕ್ ಇಲ್ಲದೆ ನಾಲ್ಕಾರು ಸಲ ಹಗ್ಗ ಎಳೆದರೆ ಒಳಗೆ ತುಂಬಿದ್ದು ಹೊರಬೀಳುತ್ತದೆ; ಪ್ಲಗ್ ಒರೆಸಿ, ಅಥವಾ ಹೊಸದನ್ನೇ ಹಾಕಿ, ಕ್ಲಿಪ್ ಸಿಕ್ಕಿಸಿ ಪೆಟ್ರೋಲಿನಲ್ಲಿ ಎಳೆದರೆ ಎಂಜಿನ್ ಹಿಡಿಯುತ್ತದೆ. ಕಿಡಿ ಬರುತ್ತದೆಯೇ ಎಂದು ನೋಡಲು ದೋಣಿಯ ತಳದಲ್ಲಿ ಪೆಟ್ರೋಲ್ ಚೆಲ್ಲಿರುವಾಗ ಪ್ಲಗ್ಗನ್ನು ಹೊರಗೆ ಹಿಡಿದು ಹಗ್ಗ ಎಳೆಯುವವರನ್ನು ಕಂಡಿದ್ದೇನೆ. ದೋಣಿಗೆ ಬೆಂಕಿ ಹಚ್ಚಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಪ್ಲಗ್ ಪಾನಾ, ಎರಡು ಒಣ ಪ್ಲಗ್ ಮತ್ತು ಒಂದು ಚಿಂದಿ ಬಟ್ಟೆಯನ್ನು ನೀರು ಹೋಗದ ಡಬ್ಬಿಯಲ್ಲಿ ಇಟ್ಟುಕೊಳ್ಳಲು ಎಷ್ಟು ಖರ್ಚು?

ಈಚೆಗೆ ಇನ್ನೊಂದು ತೊಡಕು ಸೇರಿದೆ. ಪಂಪುಗಳಲ್ಲಿ ಸಿಗುವ ಪೆಟ್ರೋಲಿಗೆ ಈಗ ಶೇ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುವ ವಸ್ತು. ಮಳೆಗಾಲದ ಒದ್ದೆ ಗಾಳಿಯಲ್ಲಿ, ಅರ್ಧ ತುಂಬಿದ ಟ್ಯಾಂಕಿನಲ್ಲಿ ಬಹುಕಾಲ ಉಳಿದರೆ ಅಥವಾ ಮುಚ್ಚಳದಿಂದ ಮಳೆನೀರು ಸೇರಿದರೆ, ನೀರು ಮತ್ತು ಎಥೆನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ನಿನ ಕೊಳವೆ ಎಳೆಯುವುದು ತಳದಿಂದಲೇ. ನಾವು ಬೆರೆಸಿದ ಟೂ-ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿದಿರುವುದರಿಂದ, ಎಂಜಿನ್ ಹೇಗೋ ಸ್ಟಾರ್ಟ್ ಆದರೂ ಎಣ್ಣೆಯ ಪಸೆ ಇಲ್ಲದೆ ಓಡುತ್ತದೆ. ಅನುಮಾನ ಬಂದರೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ಹಾಕಿ ಅಲುಗಾಡದಂತೆ ಇಡಬೇಕು. ಎರಡು ಪದರ ಕಂಡರೆ ಆ ಪೆಟ್ರೋಲನ್ನು ಬಳಸಬಾರದು.

ಮೀನುಗಾರಿಕೆ ಇಲಾಖೆ ಮತ್ತು ಮೀನುಗಾರರ ಸಹಕಾರ ಸಂಘಗಳಲ್ಲಿ ನನ್ನ ಕೋರಿಕೆ ಇದು. ಎಂಜಿನ್ ಕೊಳ್ಳಲು ಸಹಾಯಧನ ಕೊಡುವುದು ಒಳ್ಳೆಯದೇ, ಆದರೆ ಎಂಜಿನ್ ಜತೆ ನನಗೆ ಸಿಕ್ಕ ಕೈಪಿಡಿಯಲ್ಲಿ ಒಂದು ಸಾಲೂ ಕನ್ನಡವಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ, ನಾಡದೋಣಿಗಳು ಇಳಿಯುವ ಮುನ್ನ, ಒಂದೊಂದು ಇಳಿದಾಣದಲ್ಲಿ ಒಂದೊಂದು ದಿನ ಅನುಭವಿ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಚ್ಚಿ ತೋರಿಸಲಿ. ಸಭಾಂಗಣದ ಭಾಷಣ ಬೇಡ, ಮರಳಿನ ಮೇಲೆ ಆಗಲಿ. ಎಂಜಿನ್ನಿನ ಮುಚ್ಚಳದ ಒಳಗೆ ಅಂಟಿಸಬಹುದಾದ, ಉಪ್ಪುನೀರಿಗೆ ಅಳಿಸದ ಕನ್ನಡದ ಚೀಟಿಯೊಂದನ್ನು ಮುದ್ರಿಸಿ ಹಂಚಲಿ. ಅದರ ಕೊನೆಯಲ್ಲಿ ಕೋಸ್ಟ್ ಗಾರ್ಡ್‌ನ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳು ದಪ್ಪಕ್ಷರದಲ್ಲಿರಲಿ.

ಬಿಚ್ಚಿ ತೋರಿಸಲು ಎಂಜಿನ್ ಎಲ್ಲಿದೆ ಎಂಬ ಪ್ರಶ್ನೆ ಬಂದರೆ, ನನ್ನ ಹಳೆಯ ಎಂಜಿನ್ ಕೊಟ್ಟಿಗೆಯಲ್ಲಿದೆ. ಯಾವ ದಿನ ಬೇಕಾದರೂ ಹೊತ್ತು ತಂದುಕೊಡುತ್ತೇನೆ.

– ಒಬ್ಬ ನಾಡದೋಣಿ ಮೀನುಗಾರ, ಗಂಗೊಳ್ಳಿ