ಎಂಆರ್‌ಐ ವಿಭಾಗದ ಆ ಮೇಡಂಗೆ ಥ್ಯಾಂಕ್ಸ್

ತಲೆಯ ಎಂಆರ್‌ಐಗೆ ಕರೆದರೆ ಏಳು ವರ್ಷದ ಮಗಳು ಬಾಗಿಲಲ್ಲೇ ಹಟ ಹಿಡಿದಳು. ಅರಿವಳಿಕೆ ಕೊಡದೆ ಆಗುವುದಿಲ್ಲ ಅಂದುಕೊಂಡಿದ್ದೆವು. ಅಷ್ಟರಲ್ಲಿ ಟೆಕ್ನಿಷಿಯನ್ ಮೇಡಂ "ಬಾ ಪುಟ್ಟಿ, ಮೊದಲು ಆಟದ ಸ್ಕ್ಯಾನ್ ಮಾಡೋಣ" ಅಂತ ಪಕ್ಕದ ಕೋಣೆಗೆ ಕರೆದೊಯ್ದು ಬೇರೊಂದು ಜಾಗದೊಳಗೇ ಇದ್ದಂತೆ ತೋರಿಸುವ ವಿಆರ್ ಕನ್ನಡಕ ಹಾಕಿದರು. ಸ್ಕ್ಯಾನರ್‌ನ ಅಯಸ್ಕಾಂತ ಸದಾ ಆನ್ ಇರುತ್ತದೆ. ಲೋಹ, ಬ್ಯಾಟರಿ ಇರುವ ಈ ಕನ್ನಡಕ ಅಲ್ಲಿಗೆ ಹೋಗುವಂತಿಲ್ಲ.

ಅವಳನ್ನು ಮಲಗಿಸಿಯೇ ತೋರಿಸಿದರು. ಕೂತು ನೋಡಿದರೆ ಕಣ್ಣಿಗೊಂದು, ಮೈಗೊಂದು ಅನಿಸಿ ತಲೆ ಸುತ್ತಬಹುದು. ಕನ್ನಡಕದಲ್ಲಿ ಮೊದಲು ತಲೆಗೆ ಹಾಕುವ ಪಂಜರದಂಥ ಹೆಡ್ ಕಾಯಿಲ್ ಮುಖದ ಮೇಲೆ ಬಂತು, ಟೇಬಲ್ ಸ್ಕ್ಯಾನರ್‌ನ ಸುರಂಗದೊಳಗೆ ಸರಿಯಿತು, ಆಮೇಲೆ ಟಕಟಕ ಸದ್ದು. ಸ್ಕ್ಯಾನರ್‌ನೊಳಗಿನ ಗ್ರೇಡಿಯಂಟ್ ಕಾಯಿಲ್ ಎಂಬ ತಂತಿ ಸುರುಳಿಗಳು ಅದುರುವ ಆ ಸದ್ದು ನಿಜದಲ್ಲಿ 100 ಡೆಸಿಬಲ್ ದಾಟಬಹುದು; ಇಲ್ಲಿ ಮೆಲ್ಲಗೆ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸಿದರು. ತಲೆ ಅಲುಗಿದರೆ ಚಿತ್ರದಲ್ಲಿ ನೆರಳು ಮೂಡಿ ಸ್ಕ್ಯಾನ್‌ನ ಆ ಸುತ್ತನ್ನು ಮತ್ತೆ ಮಾಡಬೇಕಾಗಬಹುದಲ್ಲ, ಅದಕ್ಕೆ "ಎಂಜಲು ನುಂಗೋದಿದ್ರೆ ಸದ್ದು ನಿಂತಾಗ ನುಂಗು" ಅಂದರು. ಇಷ್ಟು ಸಣ್ಣದನ್ನು ಯಾರು ಹೇಳಿಕೊಡುತ್ತಾರೆ!

ಸ್ಕ್ಯಾನ್ ನಡುವೆ ಬೇಕೆನಿಸಿದರೆ ಒತ್ತಿ ಕರೆಯುವ ರಬ್ಬರ್ ಚೆಂಡನ್ನು ಕೈಗೆ ಕೊಟ್ಟು ಒತ್ತಿಸಿದರು. ಒತ್ತಿದ ಪ್ರತಿ ಸಲವೂ ತಕ್ಷಣ ಸದ್ದು ನಿಲ್ಲಿಸಿ ಮಾತಾಡಿಸಿದರು. ಅವಳಿಗೆ ಧೈರ್ಯ ಬಂದದ್ದೇ ಅದರಿಂದ.

ಇಯರ್ ಪ್ಲಗ್, ಮೇಲೆ ಹೆಡ್‌ಫೋನ್ ಹಾಕಿಸಿಕೊಂಡು ಒಳಗೆ ಹೋದವಳು ಅರಿವಳಿಕೆಯಿಲ್ಲದೆ ಸ್ಕ್ಯಾನ್ ಮುಗಿಸಿದಳು. ನಮಗೆ ಹೋದ ಜೀವ ಬಂದಂತಾಯಿತು. ನಿಮ್ಮ ಹೆಸರು ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಹತ್ತಿರ ಹೋಗಿಬಿಟ್ಟಿದ್ದಿರಿ, ಮೇಡಂ. ತುಂಬಾ ಥ್ಯಾಂಕ್ಸ್.