ಅಪ್ಪಯ್ಯನಿಗೆ ಲಂಡನ್ನಿನಿಂದ ಒಂದು ಪತ್ರ

ಲಂಡನ್

ತೀರ್ಥರೂಪ ಅಪ್ಪಯ್ಯನವರಿಗೆ, ಮಾತೃಶ್ರೀ ಅಮ್ಮನವರಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಚಳಿ ಜಾಸ್ತಿಯಾಗಿದೆ, ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಅಮ್ಮ ಕೊಟ್ಟು ಕಳಿಸಿದ ಹಲಸಿನ ಹಪ್ಪಳ ಇನ್ನೂ ಸ್ವಲ್ಪ ಇದೆ, ಮಕ್ಕಳಿಗೆ ಕಾಣದ ಹಾಗೆ ಮೇಲೆ ಇಟ್ಟಿದ್ದೇನೆ.

ಕಳೆದ ವಾರ ಫೋನಿನಲ್ಲಿ ನೀವು ಕೇಳಿದಿರಲ್ಲ, "ಬ್ಯಾಂಕಿನಲ್ಲಿ ಕೆಲಸ ಅಂತೀಯ. ಕೌಂಟರ್ ಇಲ್ಲ, ಸಾಲ ಕೊಡೋದಿಲ್ಲ. ಹಾಗಾದ್ರೆ ದಿನವಿಡೀ ಮಾಡೋದೇನು?" ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬ್ಯಾಂಕ್ ಆಫ್ ಇಂಗ್ಲೆಂಡಿನ ಒಳಗೆ ಪ್ರುಡೆನ್ಷಿಯಲ್ ರೆಗ್ಯುಲೇಷನ್ ಅಥಾರಿಟಿ ಅಂತ ಒಂದು ವಿಭಾಗ ಇದೆ. ಈ ದೇಶದ ಬ್ಯಾಂಕುಗಳ ಮೇಲೆ ಕಣ್ಣಿಡುವುದು ಅದರ ಕೆಲಸ. ಊರಲ್ಲಿ ಅದನ್ನು ರಿಸರ್ವ್ ಬ್ಯಾಂಕ್ ಮಾಡುತ್ತದೆ. ಬ್ಯಾಂಕಿಗೆ ಹೋಗಿ ಲೆಕ್ಕ ನೋಡುವವರು ಬೇರೆ. ಅವರು ಯಾವ ನಿಯಮ ಹಿಡಿದು ನೋಡಬೇಕೋ ಅದನ್ನು ಬರೆಯುವ ಗುಂಪಿನಲ್ಲಿ ನಾನಿದ್ದೇನೆ. ನನ್ನ ಪಾಲಿಗೆ ಬಂದಿರುವುದು ಒಂದು ಪ್ರಶ್ನೆ. ಠೇವಣಿ ಇಟ್ಟವರು ಒಮ್ಮೆಲೇ ಬಂದು ದುಡ್ಡು ಕೇಳಿದರೆ, ಕೊಡಲು ಬ್ಯಾಂಕಿನ ಹತ್ತಿರ ಎಷ್ಟು ಇರಬೇಕು?

ಅಪ್ಪಯ್ಯ, ಈ ಪ್ರಶ್ನೆಯ ಜೊತೆ ನೀವು ಇಡೀ ಜೀವನ ಬದುಕಿದವರು. ಕುಂದಾಪುರದ ಪೇಟೆಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುವಾಗ ಯಾರು ಯಾವಾಗ ದುಡ್ಡು ತೆಗೆಯುತ್ತಾರೆ ಅನ್ನುವುದು ನಿಮಗೆ ಬಾಯಿಪಾಠ ಇತ್ತು. ಜೂನ್ ಬಂದರೆ ಶಾಲೆಯ ಖರ್ಚಿಗೆ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದಾಗ ಮೀನಿನವರು. ಚೌತಿಗೆ ಸ್ವಲ್ಪ. ಉಳಿದವರು ತೆಗೆಯುವುದಿಲ್ಲ, ಯಾಕೆಂದರೆ ಅವರಿಗೆ ನಿಮ್ಮ ಮುಖ ಗೊತ್ತು. ಇಲ್ಲಿ ಸಹೋದ್ಯೋಗಿಗಳಿಗೆ ಒಮ್ಮೆ ಪಿಗ್ಮಿ ವಿಷಯ ಹೇಳಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ನಮ್ಮ ಉಡುಪಿಯ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳಲು ಶುರು ಮಾಡಿತ್ತು ಅಂದಾಗ ಅವರು ತುಂಬ ಹೊತ್ತು ಪ್ರಶ್ನೆ ಕೇಳಿದರು. ನಮ್ಮ ನಿಯಮ ಪುಸ್ತಕದಲ್ಲಿ ಅಂಥ ದುಡ್ಡಿಗೆ ಒಂದು ಜಾಗ ಇದೆ. ಅದನ್ನು ಗಟ್ಟಿ ಠೇವಣಿ, ಅಂದರೆ ಬೇಗ ಹೊರಡದ ದುಡ್ಡು, ಅಂತ ಲೆಕ್ಕ ಹಾಕುತ್ತೇವೆ.

ಲೆಕ್ಕ ಹೀಗೆ. ಬ್ಯಾಂಕಿಗೆ ಕಷ್ಟ ಬಂದರೂ 30 ದಿನ ಬಾಗಿಲು ತೆರೆದಿರಬೇಕು. ಅದಕ್ಕೆ ಬೇಕಾದಷ್ಟು ನಗದು, ಕೂಡಲೇ ಮಾರಬಹುದಾದ ಸರ್ಕಾರಿ ಬಾಂಡ್ (ಸರ್ಕಾರಕ್ಕೆ ಕೊಟ್ಟ ಸಾಲದ ಪತ್ರ) ಕೈಯಲ್ಲಿರಬೇಕು. ಎಷ್ಟು ಅನ್ನುವುದು ಯಾರ ದುಡ್ಡು ಅನ್ನುವುದರ ಮೇಲೆ ಹೋಗುತ್ತದೆ. ವಿಮೆ ಇರುವ, ಅಂದರೆ ಬ್ಯಾಂಕ್ ಮುಳುಗಿದರೂ ವಾಪಸ್ ಸಿಗುವ, ಸಣ್ಣ ಠೇವಣಿಯಲ್ಲಿ ಆ ತಿಂಗಳಲ್ಲಿ ನೂರಕ್ಕೆ ಐದು ಹೊರಗೆ ಹೋಗಬಹುದು ಅಂತ ಎಣಿಸುತ್ತೇವೆ. ಕಂಪನಿಗಳು ಇಟ್ಟ, ವಿಮೆ ಇಲ್ಲದ ದುಡ್ಡಾದರೆ ನೂರಕ್ಕೆ ನಲವತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹಲವು ದೇಶಗಳ ರೆಗ್ಯುಲೇಟರುಗಳು ಸೇರಿ ಒಪ್ಪಿದ ಸಂಖ್ಯೆಗಳು ಇವು. 2009ರಿಂದ ಭಾರತವೂ ಆ ಸಮಿತಿಯಲ್ಲಿದೆ.

ಈ ಐದು, ನಲವತ್ತು ಸುಮ್ನೆ ಬಂದದ್ದಲ್ಲ. ಜನ ಪೆಟ್ಟು ತಿಂದ ಮೇಲೆ ಬಂದದ್ದು. 2007ರ ಸೆಪ್ಟೆಂಬರಿನಲ್ಲಿ ಇಲ್ಲಿ ನಾರ್ದರ್ನ್ ರಾಕ್ ಅನ್ನುವ ಬ್ಯಾಂಕಿನ ಮುಂದೆ ಜನ ಸಾಲು ನಿಂತರು. ಅವರು ಹೆದರುಪುಕ್ಕಲರು ಅಂತ ಆಗ ಹಲವರು ಹೇಳಿದರಂತೆ. ನಾನು ಒಪ್ಪುವುದಿಲ್ಲ. ಆಗ ಇಲ್ಲಿ ಠೇವಣಿ ವಿಮೆ ಪೂರ್ತಿ ಇದ್ದದ್ದು ಮೊದಲ 2,000 ಪೌಂಡಿಗೆ ಮಾತ್ರ. ಅದರ ಮೇಲಿನ 33,000ಕ್ಕೆ ನೂರಕ್ಕೆ ತೊಂಬತ್ತು. ಅದಕ್ಕೂ ಮೇಲೆ ಏನೂ ಇಲ್ಲ. ಜೀವಮಾನದ ಉಳಿತಾಯ ಇಟ್ಟವರು ಸಾಲಿನಲ್ಲಿ ನಿಲ್ಲದೆ ಇನ್ನೇನು ಮಾಡಬೇಕಿತ್ತು? ಎಲ್ಲರ ಠೇವಣಿಗೂ ಸರ್ಕಾರ ಭರವಸೆ ಕೊಟ್ಟ ಮೇಲೆ ಸಾಲು ಕರಗಿತು. ಮುಂದಿನ ಫೆಬ್ರವರಿಯಲ್ಲಿ ಸರ್ಕಾರವೇ ಬ್ಯಾಂಕನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ವಿಮೆಯ ಮಿತಿ ಏರುತ್ತಾ ಬಂತು. 2025ರ ಡಿಸೆಂಬರಿನಿಂದ 1,20,000 ಪೌಂಡ್.

ಆದರೆ ನನ್ನನ್ನು ಜಾಸ್ತಿ ಕಾಡುವುದು 2023ರ ಮಾರ್ಚ್. ನಮ್ಮ ಬೆಂಗಳೂರಿನ ಸ್ಟಾರ್ಟಪ್‌ನವರೂ ಆ ವಾರ ನಿದ್ದೆಗೆಟ್ಟಿದ್ದರು, ನಿಮಗೆ ನೆನಪಿರಬಹುದು. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಅವರಲ್ಲಿ ಕೆಲವರ ದುಡ್ಡೂ ಇತ್ತು. ಆ ಬ್ಯಾಂಕ್ ಕಳ್ಳ ಸಾಲ ಕೊಟ್ಟು ಮುಳುಗಿದ್ದಲ್ಲ. ಬಡ್ಡಿ ತೀರಾ ಕಡಿಮೆ ಇದ್ದಾಗ ಬಂದ ಠೇವಣಿಯನ್ನು ದೀರ್ಘ ಅವಧಿಯ ಬಾಂಡಿನಲ್ಲಿ ಹಾಕಿತ್ತು. ಸಾಲ ತೀರುವ ಮಟ್ಟಿಗೆ ಒಳ್ಳೆಯ ಬಾಂಡುಗಳೇ. ಆದರೆ 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಭರಭರನೆ ಏರಿಸಿತು. ಹೊಸ ಬಾಂಡಿಗೆ ಜಾಸ್ತಿ ಬಡ್ಡಿ ಸಿಗುವಾಗ ಹಳೆಯದನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಆ ವರ್ಷದ ಕೊನೆಗೆ, ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಎಂದು ತೋರಿಸಿದ್ದ ಬಾಂಡುಗಳಲ್ಲೇ ಸುಮಾರು 15 ಬಿಲಿಯನ್ ಡಾಲರ್ (ಒಂದು ಬಿಲಿಯನ್ ಅಂದರೆ ನೂರು ಕೋಟಿ) ನಷ್ಟ ಅಡಗಿತ್ತು. ಸ್ವಂತ ಬಂಡವಾಳವೇ ಸುಮಾರು 16 ಬಿಲಿಯನ್. ಮಾರುವವರೆಗೆ ಆ ನಷ್ಟವನ್ನು ಬಂಡವಾಳದಿಂದ ಕಳೆಯಬೇಕಾಗಿರಲಿಲ್ಲ.

ಮಾರ್ಚ್ 8ರಂದು ಬ್ಯಾಂಕ್ ಬೇರೆ ಬಾಂಡುಗಳನ್ನು ಮಾರಿ 1.8 ಬಿಲಿಯನ್ ನಷ್ಟ ಆಯಿತು ಅಂತ ಹೇಳಿತು. ಮಾರನೇ ದಿನ ಒಂದೇ ದಿನದಲ್ಲಿ 42 ಬಿಲಿಯನ್ ಡಾಲರ್ ಹೊರಗೆ ಹೋಯಿತು. ಇಡೀ ಠೇವಣಿಯ ಸುಮಾರು ಕಾಲು ಭಾಗ! ಅದರ ಮರುದಿನಕ್ಕೆ ಇನ್ನೂ 100 ಬಿಲಿಯನ್ ಕೇಳಿ ಕಾದಿದ್ದರು. ಬ್ಯಾಂಕಿನ ಮುಂದೆ ಸಾಲು ನಿಂತು ಇಷ್ಟು ದುಡ್ಡು ತೆಗೆಯಲಿಕ್ಕೆ ಆಗುತ್ತದೆಯೇ? ಆಗುವುದಿಲ್ಲ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ತೆಗೆದರು. ಠೇವಣಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವಿಮೆಯ ಮಿತಿಗಿಂತ ಮೇಲಿತ್ತು. ಇಟ್ಟವರೆಲ್ಲ ಒಂದೇ ಬಗೆಯ ಕಂಪನಿಗಳು, ಒಬ್ಬರಿಗೊಬ್ಬರು ಗೊತ್ತಿರುವವರು. ಒಬ್ಬ ಹೊರಟರೆ ಗಂಟೆಯೊಳಗೆ ಎಲ್ಲರಿಗೂ ಸುದ್ದಿ. ನಿಮ್ಮ ಪಿಗ್ಮಿ ಪುಸ್ತಕಕ್ಕೆ ಪೂರ್ತಿ ಉಲ್ಟಾ.

ಇನ್ನೊಂದು ವಿಷಯ ಹೇಳಲೇಬೇಕು. ಆಗ ಹೇಳಿದೆನಲ್ಲ, 30 ದಿನದ ನಿಯಮ, ಅದು ಆ ಬ್ಯಾಂಕಿಗೆ ಅನ್ವಯಿಸುತ್ತಲೇ ಇರಲಿಲ್ಲ. 2018ರಲ್ಲಿ ಅಲ್ಲಿನ ಸಂಸತ್ತು ಕಾನೂನು ಸಡಿಲಿಸಿತು, 2019ರಲ್ಲಿ ರೆಗ್ಯುಲೇಟರುಗಳು ಅದಕ್ಕೆ ತಕ್ಕ ಹಾಗೆ ನಿಯಮ ಬದಲಿಸಿದರು. ಅಷ್ಟು ದೊಡ್ಡ ಬ್ಯಾಂಕ್ ಹೊರಗುಳಿಯಿತು. ಬರೀ ಈ ನಿಯಮ ಇದ್ದರೆ ಬ್ಯಾಂಕ್ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಒಂದು ದಿನದಲ್ಲಿ ಕಾಲು ಭಾಗ ಹೋದರೆ ಈ ಲೆಕ್ಕಕ್ಕೂ ತಡೆದುಕೊಳ್ಳುವುದು ಕಷ್ಟ. ಆದರೆ ನಿಯಮ ಇದ್ದಿದ್ದರೆ, ಕೊಡಲು ಎಷ್ಟಿದೆ ಅನ್ನುವ ಪ್ರಶ್ನೆಯನ್ನು ತಪ್ಪದೆ ಯಾರಾದರೂ ಕೇಳುತ್ತಿದ್ದರು. ಅದೇ ದೊಡ್ಡ ವ್ಯತ್ಯಾಸ.

ಸಿಲಿಕಾನ್ ವ್ಯಾಲಿ ಬ್ಯಾಂಕಿನ ಇಲ್ಲಿನ ಅಂಗಸಂಸ್ಥೆಗೆ ಆ ಶನಿವಾರ, ಭಾನುವಾರ ಕೂತು ದಾರಿ ಹುಡುಕಿ, ಸೋಮವಾರ ಬೆಳಿಗ್ಗೆ ಅದನ್ನು ಎಚ್‌ಎಸ್‌ಬಿಸಿ ಬ್ಯಾಂಕಿಗೆ ಒಂದು ಪೌಂಡಿಗೆ ಮಾರಲಾಯಿತು. ಆ ಅಂಗಸಂಸ್ಥೆಯಲ್ಲಿ ಸುಮಾರು 6.7 ಬಿಲಿಯನ್ ಪೌಂಡ್ ಠೇವಣಿ ಇತ್ತು. ಠೇವಣಿದಾರರು ಒಂದು ಪೆನ್ನಿಯನ್ನೂ ಕಳೆದುಕೊಳ್ಳಲಿಲ್ಲ, ಆ ಕಂಪನಿಗಳ ಸಂಬಳವೂ ನಿಲ್ಲಲಿಲ್ಲ.

ನನ್ನ ದಿನದ ಬಹುಪಾಲು ಓದುವುದು, ಬರೆಯುವುದು. ಮೊದಲು ಕರಡು ನಿಯಮ ಬರೆದು ಪ್ರಕಟಿಸುತ್ತೇವೆ. ಅದರಿಂದ ಬ್ಯಾಂಕಿಗೆ ಖರ್ಚೆಷ್ಟು, ಜನರಿಗೆ ಲಾಭವೆಷ್ಟು ಅಂತ ಲೆಕ್ಕ ಸೇರಿಸಬೇಕು. ಯಾರು ಬೇಕಾದರೂ ಆಕ್ಷೇಪ ಕಳಿಸಬಹುದು. ಬಂದದ್ದಕ್ಕೆ ನಾವು ಏನು ಮಾಡಿದೆವು, ಯಾಕೆ ಅಂತ ಮತ್ತೆ ಪ್ರಕಟಿಸಬೇಕು. ದೊಡ್ಡ ಬ್ಯಾಂಕುಗಳ ಪತ್ರ ದಪ್ಪಗಿರುತ್ತದೆ, ವಕೀಲರು ತಿದ್ದಿದ್ದು. ಎಲ್ಲದರ ಸಾರ ಒಂದೇ, ನಗದು ಕಟ್ಟಿಟ್ಟರೆ ಸಾಲ ಕೊಡುವುದು ಹೇಗೆ ಅಂತ. ಅದರಲ್ಲೂ ನಿಜ ಇದೆ. ಸಣ್ಣ ಸಂಸ್ಥೆಗಳ ಪತ್ರ ಎರಡೇ ಪುಟ, ಆದರೆ ನಾನು ಅವನ್ನು ಮೊದಲು ಓದುತ್ತೇನೆ. ಊರಿನ ಸಂಸ್ಥೆಯೊಂದಕ್ಕೆ ಜಾಗತಿಕ ಬ್ಯಾಂಕಿನ ಫಾರಂ ತುಂಬಲು ಹೇಳುವುದು ನ್ಯಾಯವಲ್ಲ. ಅಂಥವರಿಗೆ ಇಲ್ಲಿ ಈಗ ಸರಳ ನಿಯಮ ಮಾಡುತ್ತಿದ್ದಾರೆ. ನನಗೆ ಅದು ಮನಸ್ಸಿನಿಂದ ಇಷ್ಟವಾದ ಕೆಲಸ. ಸರಳ ಮಾಡುವುದಕ್ಕೂ ಸಡಿಲ ಮಾಡುವುದಕ್ಕೂ ನಡುವೆ ಗೆರೆ ಎಳೆಯುವುದೇ ಕಷ್ಟ.

ಫೋನಿನಲ್ಲಿ ದುಡ್ಡು ತೆಗೆಯುವ ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಮುಂದೆ ಹೆಜ್ಜೆ ಇಟ್ಟಿದೆ ಅಪ್ಪಯ್ಯ. ಮೊಬೈಲ್, ಇಂಟರ್ನೆಟ್ ಬ್ಯಾಂಕಿಂಗ್ ಇರುವ ಜನಸಾಮಾನ್ಯರ ಠೇವಣಿ ಬೇಗ ಹೊರಡಬಹುದು, ಅದಕ್ಕೆ ನೂರಕ್ಕೆ ಇನ್ನೂ ಐದು ಸೇರಿಸಿ ಎಣಿಸಿ ಅಂತ 2024ರ ಜುಲೈನಲ್ಲಿ ಕರಡು ತಂದಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಎರಡೂವರೆಗೆ ಇಳಿಸಿತು, ಜಾರಿ 2026ರ ಏಪ್ರಿಲ್ 1ರಿಂದ. ಇಳಿಸಿದ್ದಕ್ಕೆ ನನಗೆ ಬೇಸರ ಇಲ್ಲ. ಮೀನು ಮಾರ್ಕೆಟ್ಟಿನಲ್ಲೂ ಯುಪಿಐ ಇರುವ ದೇಶ ಫೋನನ್ನು ಲೆಕ್ಕಕ್ಕೆ ತೆಗೆದುಕೊಂಡಿತಲ್ಲ, ಇಲ್ಲಿ ಕೂತು ಅದನ್ನು ಓದಿ ನನಗೆ ಹೆಮ್ಮೆಯಾಯಿತು.

ಈಗ ಮನೆಯ ವಿಷಯ. ಎಫ್‌ಡಿ ಎಲ್ಲ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಊರಲ್ಲಿ ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕೆ, ಬಡ್ಡಿಯೂ ಸೇರಿ. ಬೇರೆ ಬೇರೆ ಶಾಖೆಯಲ್ಲಿಟ್ಟರೂ ಒಂದೇ ಲೆಕ್ಕ. ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ, ಆದರೆ ಪತ್ತಿನ ಸಹಕಾರಿ ಸಂಘಗಳಿಗೆ ಇಲ್ಲ. ಮಾವ ನಿವೃತ್ತಿಯ ದುಡ್ಡನ್ನು ಜಾಸ್ತಿ ಬಡ್ಡಿ ಅಂತ ಒಂದು ಸಂಘದಲ್ಲಿ ಇಟ್ಟಿದ್ದಾರೆ ಅಂತ ಅಮ್ಮ ಹೇಳಿದ್ದಳು. ಆ ಸಂಘ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಪೂರ್ತಿ ಅಲ್ಲೇ ಬೇಡ. ನಾನು ಹೇಳಿದರೆ ಸಣ್ಣವಳು ಅಂತ ಕೇಳುವುದಿಲ್ಲ, ನೀವೇ ಒಮ್ಮೆ ಹೋಗಿ ಹೇಳಿ. ಅವಧಿ ಮುಗಿಯುವ ತಾರೀಕು ಕೇಳಿ ಬರೆದು ಕಳಿಸಿ.

ಶಿವರಾತ್ರಿಗೆ ಬರಲು ರಜೆ ಕೇಳಿದ್ದೇನೆ. ಅಮ್ಮನ ಮೊಣಕಾಲು ಹೇಗಿದೆ, ಡಾಕ್ಟರು ಏನಂದರು ಅಂತ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು